ಕಾಶಿಯ ಬಿಕ್ಕಳಿಕೆ ಅರಮನೆಗೆ ಹೋದದ್ದು

ಒಂದಾನೊಂದು ಊರು. ಎಲ್ಲಿತ್ತು ಅಂತ ಕೇಳಬೇಡಿ, ಕೇಳಿದರೆ ಅದು ನಾಚಿಕೊಂಡು ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಆ ಊರಿನಲ್ಲಿ ಬಾಳವ್ವ ಅಂತ ಒಬ್ಬ ಅಜ್ಜಿ. ಒಂದು ದಿನ ಅವಳ ಮಗಳು ಮಲಕವ್ವ ಆಚೆ ಊರಿಗೆ ಹತ್ತಿ ಬಿಡಿಸಲು ಹೊರಟಳು. ತನ್ನ ಮಕ್ಕಳಿಬ್ಬರನ್ನೂ ಬಾಳವ್ವನ ಹತ್ತಿರ ಬಿಟ್ಟಳು. ಹಿರಿಯವನು ಗುಡದಪ್ಪ, ಕಿರಿಯವಳು ಕಾಶಿ. ದೀಪ ಹಚ್ಚುವುದರೊಳಗೆ ಬರುತ್ತೇನೆ ಅಂದು ಹೋದಳು.

ಮೊದಮೊದಲು ಎಲ್ಲ ನೆಟ್ಟಗಿತ್ತು. ಗುಡದಪ್ಪ ರೊಟ್ಟಿ ತಿಂದ. ಕಾಶಿ ತನ್ನ ರೊಟ್ಟಿಯನ್ನು ಬೆಕ್ಕಿಗೆ ಹೊದಿಸಿದಳು. ಬೆಕ್ಕು ತನ್ನ ಹೊದಿಕೆಯನ್ನು ತಾನೇ ತಿಂದಿತು. ಆಮೇಲೆ ಕಾಶಿಗೆ ಬಿಕ್ಕಳಿಕೆ ಹಿಡಿಯಿತು.

ಬಾಳವ್ವ ಗಾಬರಿಯಾಗಲಿಲ್ಲ. ನಿಮ್ಮವ್ವ ನೆನೆಸಿಕೊಳ್ಳುತ್ತಿದ್ದಾಳೆ ಅಂದಳು. ಅದು ನಿಜವೂ ಆಗಿತ್ತು. ಹೊಲದಲ್ಲಿ ಮಲಕವ್ವ ಒಂದು ಕಾಯಿ ಹತ್ತಿ ಬಿಡಿಸುವಳು, ಮಗಳನ್ನು ನೆನೆಯುವಳು. ಇಲ್ಲಿ ಕಾಶಿ ಒಮ್ಮೆ ಬಿಕ್ಕುವಳು. ಆ ವರ್ಷ ಹತ್ತಿ ತುಂಬ ಬಂದಿತ್ತು. ಬಿಕ್ಕಳಿಕೆಯೂ ತುಂಬ ಬಂತು. ಅವ್ವ ನನ್ನನ್ನು ಯಾಕೆ ನೆನೆಯುವುದಿಲ್ಲ ಅಂತ ಗುಡದಪ್ಪ ಮುನಿಸಿಕೊಂಡ. ಮಧ್ಯಾಹ್ನದ ಮೇಲೆ ನಿನ್ನ ಸರದಿ ಅಂತ ಅಜ್ಜಿ ಸಮಾಧಾನ ಮಾಡಿದಳು.

ಆ ಊರಿಗೊಬ್ಬ ದೊರೆ. ಅವನಿಗೆ ಹುಟ್ಟಿದಾಗಿನಿಂದ ಬಿಕ್ಕಳಿಕೆಯೇ ಬಂದಿರಲಿಲ್ಲ. ಒಣಮೆಣಸಿನಕಾಯಿ ನುಂಗಿ ನೋಡಿದ. ಬೆವರು ಬಂತು, ಬಿಕ್ಕಳಿಕೆ ಬರಲಿಲ್ಲ. ತನ್ನನ್ನು ಯಾರೂ ನೆನೆಯುವುದಿಲ್ಲ ಅನ್ನುವುದೊಂದೇ ಅವನ ಕೊರಗು. ಕಾಶಿಯ ಸದ್ದು ಕಿವಿಗೆ ಬಿದ್ದದ್ದೇ ತಡ, ಸೇವಕನ ಕೈಗೆ ಮುಚ್ಚಳದ ತಂಬಿಗೆ ಕೊಟ್ಟು ಓಡಿಸಿದ. ಸೇವಕ ಬಂದವನೇ ತಂಬಿಗೆಯನ್ನು ಕಾಶಿಯ ಬಾಯಿಗೆ ಹಿಡಿದ. ಬಿಕ್ಕಳಿಕೆ ಒಳಗೆ ಬಿತ್ತು. ಮುಚ್ಚಳ ಒತ್ತಿ ನಡೆದ. ದಾರಿಯುದ್ದಕ್ಕೂ ತಂಬಿಗೆ ಅವನ ಕೈಯಲ್ಲಿ ಕುಣಿಯಿತು.

ಒಳ್ಳೆಯದೇ ಆಯಿತು, ಇನ್ನು ಮಗು ಮಲಗುತ್ತದೆ ಅಂದುಕೊಂಡಳು ಬಾಳವ್ವ. ಆಗ ಹೊಸ್ತಿಲು ಕೆಮ್ಮಿತು.

"ಬಾಳವ್ವಾ, ಸಂಜಿಗೆ ನಿನ್ನ ಮಗಳು ಯಾವ ಮನಿಗೆ ಬರತಾಳ?"

"ಈ ಮನಿಗೇ."

"ತಾಯಿ ಕಾಲಿಗೆ ದಾರಿ ಗೊತ್ತಿರೂದಿಲ್ಲ. ನೆನಪು ಎಲ್ಲಿ ಹೋಗತದೋ ಅಲ್ಲಿಗೇ ಹೋಗತಾವ. ನೆನಪು ಈಗ ಅರಮನ್ಯಾಗ ಐತಿ."

ಮಗಳು ಅರಮನೆಗೆ ಹೋಗಿ, ದೊರೆಯ ತಲೆ ಬಾಚಿ, ತುತ್ತು ಉಣಿಸಿ, ತಟ್ಟಿ ಮಲಗಿಸುವುದು ಬಾಳವ್ವನ ಕಣ್ಣಿಗೆ ಕಟ್ಟಿತು. ಕಾಶಿಯನ್ನು ಸೊಂಟಕ್ಕೆ ಏರಿಸಿ, ಗುಡದಪ್ಪನ ಕೈ ಹಿಡಿದು, ಬಿರಬಿರನೆ ಅರಮನೆಗೆ ನಡೆದಳು.

ದೊರೆ ತಂಬಿಗೆಯಲ್ಲಿದ್ದದ್ದನ್ನು ನುಂಗಿ, ಸಿಂಹಾಸನದಲ್ಲಿ ಬಿಕ್ಕುತ್ತ ಹಿಗ್ಗುತ್ತ ಕೂತಿದ್ದ. ನಡುನಡುವೆ ಅವ್ವ ಯಾವಾಗ ಬರುತ್ತಾಳೆ ಅಂತ ಮಂತ್ರಿಯನ್ನು ಕೇಳುತ್ತಿದ್ದ. ಬಿಕ್ಕಳಿಕೆ ಮಗುವಿನದು, ವಾಪಸು ಕೊಡಬೇಕು ಅಂದಳು ಬಾಳವ್ವ. ದೊರೆ ಎರಡೂ ಕೈಯಿಂದ ಗಂಟಲು ಮುಚ್ಚಿಕೊಂಡ.

"ಇದನ್ನ ಕೊಟ್ಟರ ನನಗ ಮತ್ತ ಯಾರೂ ಇಲ್ಲ, ಆಯಿ."

ಅವಳಿಗೆ ಸಿಟ್ಟು ಇಳಿದು ಅಯ್ಯೋ ಅನ್ನಿಸಿತು. ನಿನ್ನದೇ ಬಿಕ್ಕಳಿಕೆ ತರಿಸಿಕೊಟ್ಟರೆ ಇದನ್ನು ಬಿಡುತ್ತೀಯಾ ಅಂತ ಕೇಳಿದಳು. ದೊರೆ ತಲೆಯಾಡಿಸಿದ. ಕಣ್ಣು ಮುಚ್ಚಿ ದೊರೆಯನ್ನು ನೆನೆಯಿರಿ ಅಂತ ಮಕ್ಕಳಿಗೆ ಹೇಳಿದಳು. ಗುಡದಪ್ಪನಿಗೆ ಮೀಸೆ ಮಾತ್ರ ನೆನಪಾಯಿತು. ಮೀಸೆ ಮಾತ್ರ ಬಿಕ್ಕಿತು. ಕಾಶಿಗೆ ಸಿಂಹಾಸನದ ಮೆತ್ತೆ ನೆನಪಾಯಿತು. ಮೆತ್ತೆ ಬಿಕ್ಕಿತು. ದೊರೆ ಮೆತ್ತೆಯ ಮೇಲೆ ಕುಪ್ಪಳಿಸಿದ, ಅಷ್ಟೇ.

"ನೆನೆಯೂ ಹಂಗ ನೀ ಏನರ ಮಾಡೀ ಏನು, ತಮ್ಮಾ?" ಅಂದಳು ಬಾಳವ್ವ.

ದೊರೆ ಗೆದ್ದ ಕೋಟೆಗಳ ಹೆಸರು ಹೇಳಿದ. ಮಕ್ಕಳು ಆಕಳಿಸಿದರು. ಹೊತ್ತು ಇಳಿಯುತ್ತಿತ್ತು. ಬಾಳವ್ವ ಇನ್ನು ಮಾತು ಬೆಳೆಸಲಿಲ್ಲ. ಕಾಶಿಯನ್ನು ಎತ್ತಿ ದೊರೆಯ ತೊಡೆಗೆ ಹಾಕಿದಳು.

ಕಾಶಿಯ ಮೂಗು ಸೋರುತ್ತಿತ್ತು. ದೊರೆ ರೇಷ್ಮೆ ಶಲ್ಯದಿಂದ ಒರೆಸಿದ. ಹಸಿವು ಅಂದಳು. ಕಿರೀಟವನ್ನು ತಲೆಕೆಳಗು ಮಾಡಿ ಅದರಲ್ಲಿ ಚುರುಮುರಿ ಕಲಸಿ ಕೊಟ್ಟ. ಖಾರ ಹೆಚ್ಚಾಯಿತು ಅಂತ ಗುಡದಪ್ಪ ಬೈದ. ದೊರೆ ಬೆಲ್ಲ ತಂದ. ಆಮೇಲೆ ಮನೆಗೆ ಹೋಗಲು ಕುದುರೆ ಬೇಕು ಅಂದರು. ಲಾಯದ ಕುದುರೆ ಎತ್ತರ ಅಂದರು. ದೊರೆಯೇ ಬಗ್ಗಿದ. ಇಬ್ಬರೂ ಹತ್ತಿದರು. ಪೇಟೆಯ ನಡುವೆ ದೊರೆ ನಾಲ್ಕು ಕಾಲಲ್ಲಿ ಕೆನೆಯುತ್ತ ಬಂದ. ಬಾಳವ್ವ ಹಿಂದಿನಿಂದ ಹುಷಾರು, ಹುಷಾರು ಅನ್ನುತ್ತ ಬಂದಳು.

ಬಾಗಿಲಲ್ಲಿ ಮಕ್ಕಳನ್ನು ಇಳಿಸಿಕೊಂಡು, ಹೋಗಿ ಅಂಗಳದಾಚೆಯ ಬೇವಿನ ಮರದ ಹಿಂದೆ ನಿಲ್ಲು ಅಂತ ದೊರೆಗೆ ಹೇಳಿದಳು. ಕಣ್ಣ ಮುಂದೆ ಇರುವವರನ್ನು ಯಾರು ನೆನೆಯುತ್ತಾರೆ? ದೊರೆ ಹೋಗಿ ನಿಂತ. ಸೂರ್ಯ ಮಾಳಿಗೆಯ ಅಂಚಿಗೆ ಬಂದಿದ್ದ. ಒಳಗೆ ಸದ್ದಿಲ್ಲ. ಇವತ್ತಿಗೂ ಯಾರೂ ಇಲ್ಲವೇನೋ ಅಂತ ಅವನಿಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಕಾಶಿ ಅಳುವುದಕ್ಕೆ ಶುರುಮಾಡಿದಳು. ಅವಳಿಗೆ ಕುದುರೆ ಬೇಕಿತ್ತು.

ಮರದ ಹಿಂದೆ "ಬಿಕ್" ಅಂತ ಕೇಳಿಸಿತು. ಅದು ದೊಡ್ಡ ಗಂಡಸಿನ ಬಿಕ್ಕಳಿಕೆ. ಒಂದೇ ಗಂಟಲಲ್ಲಿ ಎರಡಕ್ಕೆ ಜಾಗವೆಲ್ಲಿ? ಕಾಶಿಯದು ಹೊರಗೆ ಹಾರಿತು. ಕುಪ್ಪಳಿಸುತ್ತ ಅಂಗಳ ದಾಟಿತು. ಕಾಶಿ ಅಳುವುದು ಬಿಟ್ಟು ಬಿಕ್ಕಿದಳು.

ಊರ ಮುಂದೆ ಮಲಕವ್ವ ಅರಮನೆಯ ದಾರಿಗೆ ಒಂದು ಕಾಲು ಇಟ್ಟಿದ್ದಳು. ಯಾಕೆ ಇಟ್ಟೆ ಅಂತ ಅವಳಿಗೇ ತಿಳಿಯದು. ಕಾಲು ತಾನಾಗಿ ಹಿಂದಕ್ಕೆ ಬಂತು. ತಲೆತುಂಬ ಹತ್ತಿ ಮೆತ್ತಿಸಿಕೊಂಡು ಮನೆಗೆ ಬಂದಳು. ಮಕ್ಕಳು ಓಡಿಹೋಗಿ ಕಾಲು ತಬ್ಬಿಕೊಂಡವು. ಬಾಳವ್ವ ಗೋಡೆಗೆ ಒರಗಿ, ಬೆಳಗಿನಿಂದ ಮೊದಲ ಸಲ ಕಾಲು ಚಾಚಿದಳು.

ಹುಡುಗರು ಬಹಳ ಕಾಡಿದವೇನು ಅಂತ ಕೇಳಿದಳು ಮಗಳು.

"ಇವೆರಡು ಪಾಪ, ಏನೂ ಇಲ್ಲ," ಅಂದಳು ಬಾಳವ್ವ. "ದೊಡ್ಡಾವ ಒಬ್ಬ ಇದ್ದ. ಅವನೂ ಕಲೀತಾನ. ನಾಳೆ ಬಾ ಅಂತ ಹೇಳೇನಿ."

ನೀತಿ ಏನೆಂದರೆ, ಬಿಕ್ಕಳಿಕೆ ಬಂದರೆ ನೀರು ಕುಡಿಯಿರಿ, ಬರದಿದ್ದರೆ ಯಾರದಾದರೂ ಮಗುವನ್ನು ಎತ್ತಿಕೊಳ್ಳಿ. ಕತೆ ಅವರ ಮನೆಯಲ್ಲೇ ಊಟಕ್ಕೆ ಕೂತಿತು, ನಾನು ಕೈತೊಳೆದು ಎದ್ದು ಬಂದೆ.