ಬರೀ ಬೋರಯ್ಯನ ಮದುವೆ

ಹೂಂಗುಟ್ಟೋರಿದ್ರೆ ಹೇಳ್ತೀನಿ, ಇಲ್ಲಾಂದ್ರೆ ಇಲ್ಲ. ಹೂಂ ಅಂದ್ರಾ? ಸರಿ.

ಓಬಳಮ್ಮ ಅಂತ ಒಬ್ಬಳು. ಅವಳಿಗೊಬ್ಬಳು ಮಗಳು, ಸರ್ವಕ್ಕ, ಚಿನ್ನದಂಥವಳು. ಒಬ್ಬ ಮಗ, ತಿಪ್ಪೇಶಿ. ಅವನ ತಲೇಲಿ ಹೇಳಿದ್ದು ಹೇಳಿದಷ್ಟೇ ನಿಲ್ಲೋದು.

ಸರ್ವಕ್ಕನ್ನ ನೋಡೋಕೆ ಗಂಡಿನ ಕಡೆಯೋರು ಬರೋರಿದ್ರು.

"ಲೇ ತಿಪ್ಪೇಶಿ, ನಾನು ನೀರಿಗೆ ಹೋಗ್ತೀನಿ. ಹೆಸರಿನ ಬಾಲದಲ್ಲಿ 'ಕಾಯಿ' ಅಂತಿರೋದನ್ನೆಲ್ಲ ಸಾರಿಗೆ ಹಾಕು!"

"ಆಯ್ತವ್ವಾ!"

ಬದನೆಕಾಯಿ ಹಾಕಿದ. ಹೀರೇಕಾಯಿ ಹಾಕಿದ. ನುಗ್ಗೇಕಾಯಿ ಹಾಕಿದ. ಉಪ್ಪಿನಕಾಯಿ ಸುರಿದ. ಬಚ್ಚಲಿಗೆ ಹೋಗಿ ಸೀಗೇಕಾಯೀನೂ ತಂದು ಹಾಕಿದ! ಸಾರು ಬುಸ್ಸನೆ ನೊರೆ ಉಕ್ಕಿತು. ಗಂಡಿನ ಸೋದರಮಾವ ಒಂದು ಗುಟುಕು ಕುಡಿದು ಸೀನಿದ್ರೆ, ಮೂಗಿಂದ ಗುಳ್ಳೆ!

ಪುಣ್ಯಕ್ಕೆ ಹುಡುಗಿ ಒಪ್ಪಿಗೆಯಾದಳು. ಓಬಳಮ್ಮ ಹಣೆ ಚಚ್ಚಿಕೊಂಡಳು.

"ಮಂಕೇ! ಇನ್ಮೇಲೆ ಬಾಲ ನೋಡಬೇಡ, ತಲೆ ನೋಡು! 'ನಾಗ' ಅಂತ ಶುರುವಾಗೋರೆಲ್ಲ ನಮ್ಮ ನೆಂಟರು. ವೀಳ್ಯ ಕೊಟ್ಟು ಮದುವೆಗೆ ಕರಕೊಂಬಾ!"

"ಆಯ್ತವ್ವಾ!"

ನಾಗಮ್ಮತ್ತೇನ ಕರೆದ. ನಾಗಣ್ಣಮಾವನ್ನ ಕರೆದ. ಹುತ್ತದ ಬಾಯಿಗೆ ವೀಳ್ಯ ಇಟ್ಟು ನಾಗರಹಾವನ್ನೂ ಕರೆದ! ಬುಟ್ಟೀಲಿ ಹೊತ್ತು ತಂದು ಚಪ್ಪರದಲ್ಲಿ ಇಳಿಸಿದ. ಅತ್ತೆ ಅಟ್ಟ ಹತ್ತಿದಳು, ಮಾವ ಬೇಲಿ ಹಾರಿದ. ಹಾವೂ ಹೆದರಿ ಹೊಲ ಸೇರಿತು.

"ಅಯ್ಯೋ ಮುಂಡೇದೇ! ತಲೇನೂ ಬೇಡ, ಬಾಲಾನೂ ಬೇಡ! ಪೂರ್ತಿ ಹೆಸರು ನೋಡು. ಒಂದಕ್ಷರ ಹೆಚ್ಚಿರಬಾರದು, ಕಮ್ಮಿ ಇರಬಾರದು. ಹೋಗು, ಬೋರಯ್ಯ ಬರ್ತಾನೆ, ಕರೆತಂದು ಹಸೆಮಣೆ ಮೇಲೆ ಕೂರಿಸು!"

"ಆಯ್ತವ್ವಾ!"

ಓಲಗದ ಜೊತೆ ಗಂಡಿನ ಗಾಡಿ ಬಂತು. ತಿಪ್ಪೇಶಿ ಬಾಗಿಲಿಗೆ ಅಡ್ಡ ನಿಂತ.

"ಯಾರು ನೀವು?"

"ನಾನಪ್ಪ, ಮದುಮಗ. ಸಣ್ಣಬೋರಯ್ಯ."

"'ಸಣ್ಣ' ಹೆಚ್ಚಾಯ್ತು! ಆಚೆ ನಿಲ್ಲಿ!"

ಎಷ್ಟು ಹೇಳಿದ್ರೂ ಜಗ್ಗಲಿಲ್ಲ. ಬೀದಿಗೆ ಹೋಗಿ ಕೂಗಿದ: "ಬರೀ ಬೋರಯ್ಯ ಯಾರಿದೀರಪ್ಪೋ?"

ಎಂಬತ್ತರ ಒಬ್ಬ ಕುರಿ ಕಾಯೋ ಮುದುಕ ಕೈ ಎತ್ತಿದ. ಬಾಯಲ್ಲಿ ಒಂದೇ ಹಲ್ಲು. "ನಾನೇ ಕಣಪ್ಪಾ! ಬರೀ ಬೋರಯ್ಯ!"

ಇತ್ತ ಸೋದರಮಾವ ರೇಗಿ ಗಾಡಿ ತಿರುಗಿಸ್ತಿದ್ದ. ಸರ್ವಕ್ಕ ನಾಚಿಕೆ ಬಿಟ್ಟು ಓಡಿಬಂದು ಎತ್ತಿನ ಮೂಗುದಾರ ಹಿಡಿದಳು.

"ಸಣ್ಣದೋ ದೊಡ್ಡದೋ, ನಂಗೆ ಇದೇ ಬೋರಯ್ಯ ಬೇಕು! ಇಳೀರಿ!"

ಗಂಡು ನಕ್ಕು ಇಳಿದ. ಎಲ್ಲರೂ ಒಳಗೆ ಬಂದು ನೋಡ್ತಾರೆ, ಹಸೆಮಣೆ ಮೇಲೆ ಬಾಸಿಂಗ ಕಟ್ಟಿಕೊಂಡು ಮುದುಕ! "ಹೆಣ್ಣೆಲ್ಲಿ?" ಅಂತ ಕೇಳ್ತಾ ಕೂತವನೆ!

"ಏನೋ ಇದು, ತಿಪ್ಪೇಶೀ!" ಅಂತ ಓಬಳಮ್ಮ ಕಿರುಚಿದಳು.

ತಿಪ್ಪೇಶಿ ಎದೆ ಸೆಟೆಸಿದ. "ಅಕ್ಷರ ಎಣಿಸವ್ವಾ, ಒಂದೂ ತಪ್ಪಿಲ್ಲ! ಹಲ್ಲು ಎಣಿಸು ಅಂತ ನೀನೆಲ್ಲಿ ಹೇಳಿದ್ದೆ?"