ಎಮ್ಮೆಗೆ ಹೇಳಿದ ಪಾಠ

ಹೊಳೆಯ ದಡದಲ್ಲಿ ಒಂದು ಗುರುಕುಲವಿತ್ತು. ದೊಡ್ಡದೇನಲ್ಲ. ಹುಲ್ಲು ಹೊದಿಸಿದ ಪಡಸಾಲೆ, ಒಂದು ಅಡಿಗೆಮನೆ, ಐದು ಮಂದಿ ಶಿಷ್ಯರು, ಆಳಿಗೊಂದರಂತೆ ಐದು ಎಮ್ಮೆ.

ಅಲ್ಲಿ ಕಲಿಸುತ್ತಿದ್ದದ್ದು ಆಕಾಶದ ವಿದ್ಯೆ. ಸೂರ್ಯ ಯಾವ ತಿಂಗಳು ಎಲ್ಲಿ ಹುಟ್ಟುತ್ತಾನೆ, ಚಂದ್ರ ದಿನಕ್ಕೆ ಎಷ್ಟು ಸವೆಯುತ್ತಾನೆ, ಯಾವ ನಕ್ಷತ್ರ ಯಾವಾಗ ನೆತ್ತಿಗೆ ಬರುತ್ತದೆ, ಇಂಥವು. ಕಲಿಸುವವರು ಶಂಭುಲಿಂಗ ಗುರುಗಳು. ವಯಸ್ಸಾಗಿತ್ತು, ಮಾತು ಕಡಿಮೆ.

ಅಲ್ಲೊಂದು ಪದ್ಧತಿಯಿತ್ತು. ಬೇರೆ ಎಲ್ಲೂ ಇದ್ದದ್ದು ನಾನಂತೂ ಕೇಳಿಲ್ಲ. ಬೆಳಗ್ಗೆ ಕಲಿತ ಪಾಠವನ್ನು ಸಂಜೆ ಹೊಳೆಯಲ್ಲಿ ಎಮ್ಮೆಯ ಮೈ ತೊಳೆಯುತ್ತ ಅದಕ್ಕೇ ಹೇಳಬೇಕು. ಶ್ಲೋಕ ಹೇಳುವಂತಿಲ್ಲ. ಮನೆಮಾತಿನಲ್ಲಿ, ಎಮ್ಮೆಗೆ ತಿಳಿಯುವ ಹಾಗೆ ಹೇಳಬೇಕು.

"ಎಮ್ಮೆಗೆ ಯಾಕೆ ಗುರುಗಳೇ?" ಎಂದು ಹೊಸಬರೆಲ್ಲ ಕೇಳುತ್ತಿದ್ದರು.

"ಎಮ್ಮೆ ಸುಮ್ಮಸುಮ್ಮನೆ ತಲೆ ಆಡಿಸೋದಿಲ್ಲ. ಅದಕ್ಕೆ," ಎನ್ನುತ್ತಿದ್ದರು ಗುರುಗಳು.

ಕೊಟ್ರಯ್ಯ ಅಲ್ಲಿಗೆ ಬಂದಾಗ ಹತ್ತು ವರ್ಷದವನು. ಬಡಗಣ ದಿಕ್ಕಿಗೆ ಒಂದು ಹಗಲಿನ ದಾರಿ ನಡೆದರೆ ಅವನ ಊರು, ಕಣವಿಹಾಳ. ಅಲ್ಲಿ ಅಕ್ಷರ ಬಲ್ಲವರೇ ಇರಲಿಲ್ಲ. ಊರಿನವರೇ ಮನೆಗೊಂದು ಸೇರು ಜೋಳ ಕೂಡಿಸಿ, "ಕಲಿತು ಬಾ. ಬಂದು ನಮ್ಮ ಮಕ್ಕಳಿಗೆ ಹೇಳಿಕೊಡು," ಎಂದು ಅವನನ್ನು ಕಳಿಸಿದ್ದರು. ಆ ಮಾತು ಅವನ ಎದೆಯಲ್ಲಿ ಹಾಗೇ ಕೂತಿತ್ತು.

ಹನ್ನೆರಡು ವರ್ಷ ಕಳೆಯಿತು. ಒಂದು ಬೇಸಿಗೆಯ ಬೆಳಗ್ಗೆ ಕಣವಿಹಾಳದಿಂದ ಆಳು ಬಂದ.

"ಶಾಲೆಗೆ ಅಂತ ಪಡಸಾಲೆ ಕಟ್ಟಿದ್ದೀವಿ ಗುರುಗಳೇ. ಅಕ್ಷಯ ತದಿಗೆಗೆ ಇನ್ನು ಮೂರು ದಿನ. ಅವತ್ತು ಮಕ್ಕಳನ್ನ ಕೂಡಿಸ್ತೀವಿ. ಕೊಟ್ರಯ್ಯನ್ನ ಕಳಿಸಿಕೊಡಿ. ಇಲ್ಲ ಅಂದ್ರೆ ಅದರಲ್ಲಿ ಜೋಳ ತುಂಬಿಬಿಡ್ತೀವಿ ಅಂತಾರೆ ಗೌಡರು. ಅವರಿಗೂ ಕಾದು ಕಾದು ಸಾಕಾಗಿದೆ."

ಗುರುಗಳು ಆಳಿಗೆ ಮಜ್ಜಿಗೆ ಕೊಡಿಸಿ ಕಳಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಹೋಗಬೇಕು ಅಂತ ಇದೆಯಾ?"

"ಬಹಳ ಇದೆ ಗುರುಗಳೇ."

"ಹಾಗಾದರೆ ಒಂದು ಪ್ರಶ್ನೆ. ಇಲ್ಲಿ ಏನು ಕಲಿತೆ? ಉತ್ತರ ಸರಿಯಿದ್ದರೆ ಹೊರಡು. ಇಲ್ಲದಿದ್ದರೆ ಆ ಪಡಸಾಲೆಯಲ್ಲಿ ಜೋಳ ತುಂಬಲಿ. ತಪ್ಪು ಪಾಠಕ್ಕಿಂತ ಜೋಳವೇ ಮೇಲು."

ಇಷ್ಟೇನಾ ಅನಿಸಿತು ಕೊಟ್ರಯ್ಯನಿಗೆ. ಕೂತಲ್ಲಿಂದಲೇ ಶುರು ಮಾಡಿದ. ಇಪ್ಪತ್ತೇಳು ನಕ್ಷತ್ರ ಹೇಳಿದ. ಗ್ರಹಣದ ಲೆಕ್ಕ ಹೇಳಿದ. ನೆಲದಲ್ಲಿ ಶಂಕು ಎಂಬ ಗೂಟ ನೆಟ್ಟು, ಅದರ ನೆರಳು ಅಳೆದು ದಿಕ್ಕನ್ನೂ ಹೊತ್ತನ್ನೂ ತಿಳಿಯುವ ಬಗೆ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಊಟದ ಗಂಟೆ ಹೊಡೆಯಿತು.

ಗುರುಗಳು ಎದ್ದು ನಿಂತರು.

"ಇದೆಲ್ಲ ನಾನು ಕಲಿಸಿದ್ದು," ಎಂದರು. "ನೀನು ಕಲಿತದ್ದನ್ನ ಕೇಳಿದೆ."

ಅವತ್ತು ಕೊಟ್ರಯ್ಯ ಸಂಜೆಯೆಲ್ಲ ಯೋಚಿಸಿದ. ದೊಡ್ಡವರು ಇಂಥ ಹೊತ್ತಿನಲ್ಲಿ ವಿನಯ ಮೆಚ್ಚುತ್ತಾರೆ ಎಂದು ಅವನಿಗೆ ಹೊಳೆಯಿತು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಗುರುಗಳ ಮುಂದೆ ಅಡ್ಡಬಿದ್ದ.

"ಗುರುಗಳೇ, ನಾನು ಏನೂ ಕಲಿತಿಲ್ಲ. ನನಗೆ ಏನೂ ಗೊತ್ತಿಲ್ಲ ಅನ್ನೋದನ್ನಷ್ಟೇ ಕಲಿತೆ."

ಗುರುಗಳು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಶಿಷ್ಯರು ನೋಡಿದ್ದೇ ಅಪರೂಪ.

"ಹನ್ನೆರಡು ವರ್ಷ ಉಂಡು ಏನೂ ಕಲಿಯಲಿಲ್ಲವಾ? ಹಾಗಾದರೆ ಅಡಿಗೆಯವನ ಕಾಲಿಗೆ ಬೀಳು. ಅವನ ಶ್ರಮ ದಂಡವಾಯಿತು."

ಪಾಪ, ಕೊಟ್ರಯ್ಯನ ಮುಖ ಚಿಕ್ಕದಾಯಿತು. ತದಿಗೆಗೆ ಇನ್ನು ಎರಡೇ ದಿನ. ಕಣವಿಹಾಳದ ಮಕ್ಕಳು ಹೊಸ ಅಂಗಿ ತೊಟ್ಟು ಬಂದು ಕೂರುವುದು, ಹೇಳಿಕೊಡುವವರಿಲ್ಲದೆ ಎದ್ದು ಹೋಗುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು.

ಸಂಜೆ ತನ್ನ ಎಮ್ಮೆ ನೀಲಿಯನ್ನು ಹೊಳೆಗೆ ಹೊಡೆದುಕೊಂಡು ಹೋದ. ಮೈ ಉಜ್ಜುತ್ತ, ಎಂದಿನ ಹಾಗೆ ಆವತ್ತಿನ ಶ್ಲೋಕವನ್ನು ಗಡಗಡನೆ ಒಪ್ಪಿಸಿದ. ಹೌದು, ಶ್ಲೋಕವನ್ನೇ. ಎರಡು ವರ್ಷದಿಂದ ಅವನು ಹಾಗೇ ಮಾಡುತ್ತಿದ್ದ. ಇಷ್ಟು ಓದಿದ ಮೇಲೆ ಎಮ್ಮೆಗೆ ಬಿಡಿಸಿ ಬಿಡಿಸಿ ಹೇಳುವುದಕ್ಕೆ ಅವನಿಗೆ ನಾಚಿಕೆ. ಕೇಳುವವರು ಯಾರಿದ್ದಾರೆ ಎಂದುಕೊಂಡಿದ್ದ.

"ಸಣ್ಣಯ್ಯನೋರೇ, ಒಂದು ಮಾತು."

ದಡದ ಜಂಬುಹುಲ್ಲಿನ ನಡುವೆ ಹಾಲವ್ವ ನಿಂತಿದ್ದಳು. ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಹುಲ್ಲಿನ ಹೊರೆ. ಹೊಳೆದಂಡೆಯ ಜಂಬು ಕೊಯ್ದು ಚಾಪೆ ನೇಯುವುದು ಅವಳ ಕಸುಬು. ದಿನಾ ಸಂಜೆ ಅವಳು ಅಲ್ಲಿರುತ್ತಿದ್ದಳು. ಕೊಟ್ರಯ್ಯ ಅವಳನ್ನು ನೋಡಿದ್ದ, ಮಾತಾಡಿಸಿರಲಿಲ್ಲ.

"ಏನವ್ವಾ?"

"ಬೇಜಾರು ಮಾಡ್ಕೋಬೇಡಿ. ಎರಡು ವರ್ಷದಿಂದ ಕೇಳಬೇಕು ಅಂತಿದ್ದೆ. ಮೊದಲೆಲ್ಲ ನೀವು ಎಮ್ಮೆಗೆ ಎಷ್ಟು ಚೆಂದ ಹೇಳ್ತಿದ್ರಿ. ಈಗ ಯಾಕೆ ಹಿಂಗೆ ಹೇಳ್ತೀರಿ? ನನಗೊಂದೂ ತಿಳಿಯಲ್ಲ. ನೀಲಿಗೆ ತಿಳಿಯುತ್ತೋ ಏನೋ."

ಕೊಟ್ರಯ್ಯನ ಕೈಯಲ್ಲಿದ್ದ ಹುಲ್ಲಿನ ಉಂಡೆ ನೀರಿಗೆ ಬಿತ್ತು.

"ನೀನು ಕೇಳ್ತಿದ್ದೆಯಾ?"

"ಹತ್ತು ವರ್ಷ ಕೇಳಿದೀನಿ. ಕೊಯ್ಯೋ ಕೈ ಕೊಯ್ತಿರ್ತದೆ, ಕಿವಿಗೇನು ಕೆಲಸ? ಅದೇನೋ ಗೂಟದ ಪಾಠ ಹೇಳಿದ್ರಲ್ಲ, ನೀವಿನ್ನೂ ಇಷ್ಟುದ್ದ ಇದ್ದಾಗ. ನೂಲಿಗೆ ಕಲ್ಲು ಇಳಿಬಿಟ್ಟು ಗೂಟ ನೇರ ಇದೆಯಾ ನೋಡು ನೀಲಿ, ನೆರಳು ಎಲ್ಲಕ್ಕಿಂತ ಗಿಡ್ಡ ಆದಾಗ ಮಧ್ಯಾಹ್ನ ನೀಲಿ, ಅಂತ. ನೀಲಿ ಮಾಡಲಿಲ್ಲ. ನಾನು ಮಾಡಿದೆ."

"ಏನು ಮಾಡಿದೆ?"

"ಅಂಗಳದಲ್ಲಿ ಒಂದು ಹಳೇ ಗೂಟ ನೆಟ್ಟೆ. ಪ್ರತಿ ಸಂತೆಯ ದಿನ ಮಧ್ಯಾಹ್ನ ನೆರಳಿನ ತುದಿಗೆ ಒಂದೊಂದು ಕಲ್ಲು ಇಡ್ತಾ ಬಂದೆ. ಒಂಬತ್ತು ವರ್ಷ ಆಯ್ತು. ಒಂದು ವಿಷಯ ನನ್ನ ತಲೆ ತಿಂತಿದೆ ಸಣ್ಣಯ್ಯನೋರೇ. ವರ್ಷಕ್ಕೆ ಎರಡು ದಿನ ನನ್ನ ಗೂಟಕ್ಕೆ ನೆರಳೇ ಇರಲ್ಲ. ಇವತ್ತು ಜೋಳದ ಕಾಳಿನಷ್ಟು ಉಳಿದಿತ್ತು. ನಾಳೆ ಅದೂ ಹೋಗ್ತದೆ. ಬಂದು ನೋಡ್ತೀರಾ?"

ವರ್ಷಕ್ಕೆ ಎರಡು ಸಲ ಶಂಕುವಿಗೆ ನೆರಳಿಲ್ಲ. ಆ ಶ್ಲೋಕ ಕೊಟ್ರಯ್ಯನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಕಣ್ಣಾರೆ ನೋಡಿರಲಿಲ್ಲ. ಗುರುಕುಲದಲ್ಲಿ ಪಾಠ ಬೆಳಗ್ಗೆ. ನೆತ್ತಿಯ ಮೇಲೆ ಹೊತ್ತು ಬಂದಾಗ ಎಲ್ಲರೂ ಊಟದ ಸಾಲಿನಲ್ಲಿ.

ಮರುದಿನ ಊಟದ ಗಂಟೆ ಹೊಡೆದಾಗ ಅವನು ಹಾಲವ್ವನ ಅಂಗಳದಲ್ಲಿದ್ದ.

ಸಗಣಿ ಹಾಕಿ ಸಾರಿಸಿದ ಪುಟ್ಟ ಅಂಗಳ. ನಡುವೆ ಮೊಳದುದ್ದದ ಗೂಟ. ಗೂಟದಿಂದ ಬಡಗಣಕ್ಕೆ ಹೊಳೆಯ ಕಲ್ಲುಗಳ ಒಂದು ಸಾಲು, ಮುಕ್ಕಾಲು ಮೊಳ. ತೆಂಕಣಕ್ಕೂ ಒಂದು ಚಿಕ್ಕ ಸಾಲು, ನಾಲ್ಕು ಬೆರಳಿನಷ್ಟು. ಸಾಲು ಎಲ್ಲೂ ಸೊಟ್ಟಗಿರಲಿಲ್ಲ.

"ಇದು ಮಾಗಿಯ ಚಳಿಯ ಕಲ್ಲು," ಎಂದಳು ಹಾಲವ್ವ, ಬಡಗಣ ತುದಿ ತೋರಿಸಿ. "ಇದು ಕಾರಹುಣ್ಣಿಮೆ ಹೊತ್ತಿಂದು. ಆಗ ನೆರಳು ಆಚೆ ಪಕ್ಕಕ್ಕೆ ಬೀಳ್ತದೆ. ಮೊದಲ ವರ್ಷ ಹೆದರಿಕೊಂಡು ಗೂಟಕ್ಕೆ ಅರಿಸಿನ ಹಚ್ಚಿದ್ದೆ."

ಕೊಟ್ರಯ್ಯ ಮೊಣಕಾಲೂರಿ ಕೂತ. ಹನ್ನೆರಡು ವರ್ಷ ಅವನು ಮರಳಿನ ಮೇಲೆ ಬರೆದು ಅಳಿಸಿದ ಲೆಕ್ಕವೆಲ್ಲ ಈ ಅಂಗಳದಲ್ಲಿ ಕಲ್ಲಾಗಿ ಕೂತಿತ್ತು.

ಗೂಟದ ಬುಡದಲ್ಲಿ ಒಂದು ಎಳೆ ನೆರಳಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಅದು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಆಮೇಲೆ ಇರಲಿಲ್ಲ.

ಗೂಟ ನಿಂತಿತ್ತು, ಬಿಸಿಲು ಸುರಿಯುತ್ತಿತ್ತು, ನೆರಳು ಇರಲಿಲ್ಲ. ಹಾಲವ್ವನ ಕೊಡಕ್ಕೂ ನೆರಳು ಅಡಿಯಲ್ಲೇ. ಕೊಟ್ರಯ್ಯ ಎದ್ದು ನಿಂತು ತನ್ನ ಕಾಲ ಬಳಿ ನೋಡಿಕೊಂಡ. ಅವನ ನೆರಳು ಅವನ ಪಾದದೊಳಗೆ ಸೇರಿಕೊಂಡಿತ್ತು. ಅಷ್ಟು ದೂರದ ಸೂರ್ಯ, ಈ ಅಂಗಳದ ಈ ಗೂಟದ ನೆತ್ತಿಗೆ ನೇರ ಬಂದು ನಿಂತಿದ್ದ. ಕೊಟ್ರಯ್ಯನ ಕೈ ತಾನಾಗಿ ಮುಗಿಯಿತು, ಯಾರಿಗೆ ಎಂದು ಅವನಿಗೂ ಗೊತ್ತಾಗಲಿಲ್ಲ.

ಹಾಲವ್ವ ಮೆಲ್ಲಗೆ ಕೇಳಿದಳು.

"ಎಲ್ಲ ಊರಲ್ಲೂ ಇವತ್ತೇ ಹಿಂಗಾಗ್ತದಾ? ಇಲ್ಲ ನನ್ನ ಅಂಗಳದಲ್ಲಿ ಮಾತ್ರವಾ?"

"ಊರೂರಿಗೂ ಬೇರೆ ದಿನ ಇರುತ್ತೆ," ಎಂದ ಕೊಟ್ರಯ್ಯ.

"ನನ್ನ ತವರಿಗೆ ಯಾವಾಗ? ತೆಂಕಣಕ್ಕೆ ಮೂರು ದಿನದ ದಾರಿ. ಮದುವೆಯಾದಾಗ ನಡೆದೇ ಬಂದೆ."

ಅವನು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಲೆಕ್ಕ ಹಾಕಿದ. ಅಳಿಸಿ ಮತ್ತೆ ಹಾಕಿದ.

"ಅಲ್ಲಿ ಮೂರು ದಿನದ ಹಿಂದೆಯೇ ಆಗಿಹೋಗಿದೆ."

"ನಿಮ್ಮ ಊರಿಗೆ?"

"ಕಣವಿಹಾಳ ಬಡಗಣಕ್ಕೆ ಒಂದು ದಿನದ ದಾರಿ." ಅವನು ಮತ್ತೆ ಗೀಚಿದ. "ಅಲ್ಲಿ ನಾಳೆ."

ಹಾಲವ್ವ ಬೆರಳು ಮಡಿಚಿದಳು, ಬಿಚ್ಚಿದಳು.

"ಮೂರು ದಿನದ ದಾರಿಗೆ ಮೂರು ದಿನ. ಒಂದು ದಿನದ ದಾರಿಗೆ ಒಂದು ದಿನ. ಹಾಗಾದ್ರೆ ಅವನೂ ನಮ್ಮ ಹಾಗೇ ನಡ್ಕೊಂಡೇ ಹೋಗ್ತಾನೆ."

ಕೊಟ್ರಯ್ಯನ ಕಡ್ಡಿ ನಿಂತಿತು. ಲೆಕ್ಕ ಮುಂದೆಯೇ ಇತ್ತು, ಅವನೇ ಹಾಕಿದ್ದು. ಆದರೂ ಅದರಲ್ಲಿ ಇಂಥ ಮಾತೊಂದಿದೆ ಎಂದು ಅವನಿಗೆ ಕಂಡಿರಲಿಲ್ಲ. ಈ ದಿನಗಳಲ್ಲಿ ಒಬ್ಬ ಮನುಷ್ಯ ಬಡಗಣಕ್ಕೆ ದಿನವಿಡೀ ನಡೆಯುತ್ತ ಹೋದರೆ, ಪ್ರತಿ ಮಧ್ಯಾಹ್ನವೂ ಸೂರ್ಯ ಅವನ ನೆತ್ತಿಯ ಮೇಲೇ ಇರುತ್ತಾನೆ. ಸೂರ್ಯ ಮನುಷ್ಯರ ನಡಿಗೆಯಲ್ಲಿ ಊರಿಂದ ಊರಿಗೆ ಹೋಗುತ್ತಿದ್ದಾನೆ.

"ಹೌದವ್ವಾ," ಎಂದ. "ನೀವು ಹೇಳಿದ್ದು ಹೌದು."

ನೀವು ಎಂದದ್ದು ಅವನಿಗೇ ಗೊತ್ತಾಗಲಿಲ್ಲ. ಹಾಲವ್ವನಿಗೆ ಗೊತ್ತಾಯಿತು. ಅವಳು ಸೆರಗು ಸರಿಮಾಡಿಕೊಂಡಳು.

ಅವನು ಗುರುಕುಲಕ್ಕೆ ಓಡಿದ. ಗುರುಗಳು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

"ಊಟಕ್ಕೆ ಬರಲಿಲ್ಲ," ಎಂದರು.

"ಮರೆತೆ ಗುರುಗಳೇ."

"ಉತ್ತರ ಸಿಕ್ಕಿತಾ?"

"ಉತ್ತರ ತಂದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳೋಕೆ ಬಂದೆ. ಎರಡು ವರ್ಷದಿಂದ ಎಮ್ಮೆಗೆ ಪಾಠ ಹೇಳಿಲ್ಲ. ಶ್ಲೋಕ ಒಪ್ಪಿಸಿದೆ. ನೀಲಿಗೆ ನಷ್ಟವಾಗಲಿಲ್ಲ, ಹಾಲವ್ವನಿಗೆ ಆಯಿತು."

ಒಂದೊಂದಾಗಿ ಎಲ್ಲ ಹೇಳಿದ. ಜಂಬುಹುಲ್ಲಿನ ನಡುವೆ ಕೇಳಿದವಳ ಕಥೆ, ಗೂಟ, ಸಂತೆಗೊಂದು ಕಲ್ಲು, ನೆರಳು ಹೋದದ್ದು, ಕೊನೆಗೆ ಅವಳ ಮಾತು.

"ಏನಂದಳು? ಇನ್ನೊಂದು ಸಲ ಹೇಳು."

"ಅವನೂ ನಮ್ಮ ಹಾಗೇ ನಡೆದುಕೊಂಡೇ ಹೋಗ್ತಾನೆ ಅಂದರು."

ಗುರುಗಳು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತರು.

"ನಡಿ," ಎಂದರು. "ನನಗೂ ತೋರಿಸು."

ಅವರು ಅಂಗಳದ ಅಂಚಿನಲ್ಲೇ ಚಪ್ಪಲಿ ಬಿಟ್ಟರು. ಹಾಲವ್ವ ಗಾಬರಿಯಾಗಿ ಚಾಪೆ ತಂದಳು. ಗುರುಗಳು ಚಾಪೆಯ ಮೇಲೆ ಕೂರಲಿಲ್ಲ. ಕಲ್ಲಿನ ಸಾಲಿನ ಪಕ್ಕ ನೆಲದ ಮೇಲೆ ಕೂತು, ಮಾಗಿಯ ಕಲ್ಲಿನಿಂದ ಶುರು ಮಾಡಿ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಬಂದರು. ಗೂಟದ ಹತ್ತಿರ ಬಂದಾಗ ಅವರ ಕಣ್ಣು ತುಂಬಿತ್ತು.

"ಐವತ್ತು ವರ್ಷ ಈ ಪಾಠ ಹೇಳಿದೆ ತಾಯಿ," ಎಂದರು. "ಯಾರಾದರೂ ಗೂಟ ನೆಟ್ಟರಾ ಅಂತ ಗೊತ್ತಿರಲಿಲ್ಲ."

ಹಾಲವ್ವ ಒಂದು ಲೋಟ ನೀರು ತಂದು ಇಟ್ಟಳು.

ಕೊಟ್ರಯ್ಯ ಹಿಂದೆ ಕೈಕಟ್ಟಿ ನಿಂತಿದ್ದ. ಕೊನೆಗೆ ಕೇಳಿದ.

"ಗುರುಗಳೇ, ನಾನು ಕಣವಿಹಾಳಕ್ಕೆ ಹೋಗಬಹುದಾ?"

"ನನ್ನನ್ನ ಯಾಕೆ ಕೇಳ್ತೀಯ? ನಿನ್ನ ಪಾಠ ಕೇಳಿದವರು ಇಲ್ಲಿದ್ದಾರೆ."

ಕೊಟ್ರಯ್ಯ ಹಾಲವ್ವನ ಕಡೆ ತಿರುಗಿದ. ಅವಳು ಗುರುಗಳನ್ನು ನೋಡಿದಳು, ಅವನನ್ನು ನೋಡಿದಳು.

"ಹೋಗಿಬನ್ನಿ ಸಣ್ಣಯ್ಯನೋರೇ. ಆದ್ರೆ ಅಲ್ಲಿ ಮಕ್ಕಳಿಗೆ ಎಮ್ಮೆಗೆ ಹೇಳಿದ ಹಾಗೇ ಹೇಳಿ. ಅದರಷ್ಟು ಚೆಂದ ಇನ್ನೊಂದಿಲ್ಲ." ಆಮೇಲೆ ತಡೆದು ಹೇಳಿದಳು. "ಆ ಎರಡು ವರ್ಷದ್ದು ಮಾತ್ರ ನನಗೆ ಸಿಗದೇ ಹೋಯ್ತು."

"ಅದನ್ನ ನಾನು ಹೇಳ್ತೀನಿ ತಾಯಿ," ಎಂದರು ಗುರುಗಳು. "ನಾಳೆಯಿಂದ ನೀಲಿಯನ್ನ ತೊಳೆಯೋದು ನಾನೇ."

ಕೊಟ್ರಯ್ಯ ಇಬ್ಬರ ಕಾಲಿಗೂ ಬಿದ್ದ. ಎದ್ದಾಗ ಗೂಟದ ಬುಡದಿಂದ ಮೂಡಣಕ್ಕೆ ನೆರಳು ಚಾಚಿತ್ತು, ಒಂದು ಗೇಣಿನಷ್ಟು. ಅವನು ಅದನ್ನೇ ನೋಡುತ್ತ ನಿಂತುಬಿಟ್ಟ.

ಗುರುಗಳು ಅವನ ಭುಜ ಹಿಡಿದು ಬಡಗಣದ ದಾರಿಗೆ ತಿರುಗಿಸಿದರು.

"ಮಕ್ಕಳನ್ನ ನಾಳೆ ಮಧ್ಯಾಹ್ನ ಅಂಗಳಕ್ಕೆ ಕರಿ. ತಡಮಾಡಬೇಡ, ಅವನು ಆಗಲೇ ಹೊರಟಿದ್ದಾನೆ."