ಕಾವಲುಗಡಿಗೆ ಕೆರೆ

ಕರಿಮಡ್ಡಿ ಊರಿನ ಮೂಡಣಕ್ಕೆ, ಜೋಳದ ಹೊಲಗಳ ನಡುವಿನ ಕೆರೆಗೆ ಕಾವಲುಗಡಿಗೆ ಎಂದು ಹೆಸರು. ನಟ್ಟನಡು ನೀರಿನಲ್ಲಿ ಬೋರಲು ಹಾಕಿದ ಗಡಿಗೆಯಂತಹ ಕಪ್ಪು ಕಲ್ಲೊಂದಿದೆ; ಅದಕ್ಕೆ ಎರಡು ತೂತು. ಚಳಿಗಾಲಕ್ಕೆ ಬಡಗಣದಿಂದ ಬರುವ ಹೆಬ್ಬಾತುಗಳು ಹಗಲೆಲ್ಲ ಅದರ ಸುತ್ತ ಮಲಗುತ್ತವೆ. ದುರ್ಬೀನು ಹಿಡಿದು ಬರುವ ಪೇಟೆಯವರು ಹಕ್ಕಿ ಎಣಿಸುತ್ತಾರೆಯೇ ಹೊರತು ಕಲ್ಲಿನತ್ತ ನೋಡುವುದಿಲ್ಲ. ನೋಡಿದವರು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ಹುಲಿಗಪ್ಪನೆಂಬ ಬೇಡನಿದ್ದ ಎನ್ನುತ್ತಾರೆ. ಬಾತು ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಬರಿಗಡಿಗೆಗಳನ್ನು ತೇಲಿಬಿಟ್ಟು ಹಕ್ಕಿಗಳಿಗೆ ರೂಢಿ ಮಾಡಿಸಿ, ಆಮೇಲೆ ಕಣ್ಣಿಗೆರಡು ತೂತು ಕೊರೆದ ಗಡಿಗೆಯನ್ನು ತಲೆಗೆ ಹಾಕಿಕೊಂಡು, ಕುತ್ತಿಗೆಮಟ್ಟದ ನೀರಲ್ಲಿ ನಡೆದು ಹಕ್ಕಿಯ ಕಾಲು ಹಿಡಿದು ನೀರಿನಡಿಗೆ ಎಳೆಯುವುದು ಆ ಕಾಲದ ಬೇಟೆ. ಒಂದೇ ಕಟ್ಟಳೆ: ಹಿಂಡು ಮಲಗಿದಾಗ ಕತ್ತೆತ್ತಿ ಕಾಯುವ ಕಾವಲುಹಕ್ಕಿಯನ್ನು ಮುಟ್ಟಬಾರದು. ಆ ವರ್ಷ ಫಾಲ್ಗುಣದ ಕೊನೆಗೆ ಅವನ ಮಗಳು ದ್ಯಾಮಿಗೆ ಜ್ವರ ಬಂದು, ಒಂಬತ್ತು ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬಾತಿನ ಕೊಬ್ಬನ್ನು ಅಂಗಾಲಿಗೆ ತಿಕ್ಕಿದರೆ ನಿದ್ದೆ ಬಂದೀತು, ಇಲ್ಲವಾದರೆ ಕೂಸು ಉಳಿಯದು ಎಂದ ವೈದ್ಯ. ಆದರೆ ಚಳಿಗಾಲವಿಡೀ ಬೇಟೆ ಕಂಡ ಹಕ್ಕಿಗಳು ಈಗ ಗಡಿಗೆಯ ನೆರಳಿಗೂ ಬೆದರುತ್ತಿದ್ದವು. ಇಂದೋ ನಾಳೆಯೋ ಹಾರಿಹೋಗುವವು ಬೇರೆ. ಮೂರು ದಿನ ಹುಲಿಗಪ್ಪ ಬರಿಗೈಲಿ ಬಂದ. ಹಿಂಡೆಲ್ಲ ಏಳುವವರೆಗೆ ಕೂಗುತ್ತ ನಿಲ್ಲುವುದು ಕಾವಲುಹಕ್ಕಿ ಒಂದೇ; ಕೈಗೆ ಸಿಗುವುದೂ ಅದೊಂದೇ.

"ಅದನ್ನ ಮುಟ್ಟಬ್ಯಾಡೋ ಎಪ್ಪಾ, ಹಿಂಡಿನ ಕಣ್ಣು ಅದು," ಎಂದಳು ಅವನ ತಾಯಿ ಗಾಳೆವ್ವ.

"ಕೂಸಿಗೆ ನಿದ್ದಿ ಬರವಲ್ದು ಯವ್ವಾ, ನಾ ಏನ ಮಾಡ್ಲಿ?" ಎಂದು ಹುಲಿಗಪ್ಪ ಮಟಮಟ ಮಧ್ಯಾಹ್ನ ನೀರಿಗಿಳಿದ. ಹೆತ್ತವರಾರೂ ಅವನನ್ನು ಬೈಯಲಾರರು. ಹಿಂಡು ಎದ್ದಿತು, ಕಾವಲುಹಕ್ಕಿ ನಿಂತಿತ್ತು, ಅವನು ಎಳೆದುಬಿಟ್ಟ. ಉಳಿದವು ಮೂರು ಸುತ್ತು ಸುತ್ತಿ ಕೂಗಿ ಬಡಗಣಕ್ಕೆ ಹೋದವು. ಕೊಬ್ಬು ತಿಕ್ಕಿದ್ದೇ ತಡ, ದ್ಯಾಮಿ ಮಲಗಿದಳು, ಜ್ವರ ಇಳಿಯಿತು. ಹುಲಿಗಪ್ಪನಿಗೆ ಮಾತ್ರ ಅಂದಿನಿಂದ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ನೀರಿನಡಿ ರೆಕ್ಕೆ ಬಡಿದಂತೆ ಸದ್ದು.

ಮರುವರ್ಷ ಹಿಂಡು ಬಂತು, ಆದರೆ ಕಾಯುವವರಿಲ್ಲದೆ ಒಂದು ಹಕ್ಕಿಯೂ ಮಲಗಲಿಲ್ಲ. ದಣಿದು ದಣಿದು ಹೊಲಗಳಲ್ಲಿ ಬಿದ್ದು ಸಾಯತೊಡಗಿದವು. ಅದನ್ನು ನೋಡಲಾರದೆ ಹುಲಿಗಪ್ಪ ಗಡಿಗೆ ತೊಟ್ಟು ನೀರಿಗಿಳಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ಕಾಯುತ್ತ ನಿಂತ. ಮೂರನೆಯ ದಿನ ಹಕ್ಕಿಗಳು ಅವನ ಸುತ್ತ ಬಂದು ರೆಕ್ಕೆಯೊಳಗೆ ತಲೆಯಿಟ್ಟವು. ದ್ಯಾಮಿ ಏರಿಯ ಮೇಲಿಂದ ಕರೆದರೆ, "ಶ್... ಮಲಗ್ಯಾವವ್ವಾ" ಎಂದಷ್ಟೇ ಉತ್ತರ ಬರುತ್ತಿತ್ತಂತೆ. ಆಮೇಲಾಮೇಲೆ ಅದೂ ಬರಲಿಲ್ಲ. ಹಿಂಡು ಹಾರಿಹೋದ ದಿನ ಊರವರು ನೀರಿಗಿಳಿದು ಮುಟ್ಟಿದರೆ, ಗಡಿಗೆ ಕಲ್ಲಾಗಿತ್ತು.

ಬೇರೆ ಕೆರೆಗಳಲ್ಲಿ ಹಿಂಡಿಗೊಂದು ಕಾವಲುಹಕ್ಕಿ ಇದ್ದೇ ಇರುತ್ತದೆ. ಇಲ್ಲಿ ಎಲ್ಲವೂ ಮಲಗುತ್ತವೆ. ಫಾಲ್ಗುಣದಲ್ಲಿ ಕೊನೆಯ ಬಾತು ಹಾರಿದ ಮೇಲೆ ಬೇಡರ ಓಣಿಯ ಹೆಂಗಸರು ಏರಿಗೆ ಬಂದು, ದ್ಯಾಮಿ ಮುದುಕಿಯಾಗುವತನಕ ಹೇಳುತ್ತಿದ್ದ ಮಾತನ್ನೇ ಇಂದಿಗೂ ಹೇಳುತ್ತಾರೆ: "ಅಪ್ಪಾ, ಹಕ್ಕಿ ಹ್ವಾದವು. ಇನ್ನ ನೀ ಮಲಕ್ಕೋ." ಹೇಳಿ, ಕಲ್ಲಿನ ತೂತುಗಳತ್ತ ನೋಡದೆ ಮನೆಗೆ ತಿರುಗುತ್ತಾರೆ.